ಬ್ಯಾಡಗಿಯಷ್ಟೇ ದೂರದ ಕಠ್ಮಂಡು

ಅಕ್ಕನ ಗಂಡ ಆಲಮಟ್ಟಿ ಅಣೆಕಟ್ಟಿನ ಕೆಲಸದಲ್ಲಿ ಓವರ್‌ಸಿಯರ್ ಆಗಿದ್ದರು. ಎಪ್ಪತ್ತರ ದಶಕದ ನಡುವಿನ ಮಾತು ಇದು. ಮದುವೆಯಾಗಿ ವರ್ಷ ತುಂಬುವಷ್ಟರಲ್ಲಿ ಅವರಿಗೆ ನೇಪಾಳದಲ್ಲಿ ರಸ್ತೆ ಕಟ್ಟುವ ಕೆಲಸಕ್ಕೆ ಹೋಗುವ ಅವಕಾಶ ಬಂತು. ಅಕ್ಕ ಆಗ ಬಸುರಿ. ಹೆರಿಗೆಯಾದ ಮೇಲೆ ಕರೆಸಿಕೊಳ್ಳುತ್ತೇನೆ ಎಂದು ಹೇಳಿ ಅವರು ಹೋದರು. ಹೆರಿಗೆ ನಮ್ಮ ಮನಗೂಳಿಯ ಮನೆಯಲ್ಲಿ ಆಯಿತು. ಹೆಣ್ಣು ಕೂಸು. ಬಾಣಂತನ ಮುಗಿಸಿಕೊಂಡು ಅಕ್ಕ ತಾಳಿಕೋಟೆಯ ಅತ್ತೆಮನೆಗೆ ಹೋದಳು. ಕಠ್ಮಂಡುವಿಗೆ ಮಾತ್ರ ಹೋಗಲಿಲ್ಲ.

ಹೋಗದಿರಲು ಕಾರಣ ಅವಳ ಅತ್ತೆ. ನಾನೂ ಅವರನ್ನು ಅತ್ತಿ ಎಂದೇ ಕರೆಯುತ್ತಿದ್ದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ. ಗಂಡ ತೀರಿಕೊಂಡ ಮೇಲೆ ಹೊಲ, ಮನೆ, ಆಳುಕಾಳು ಎಲ್ಲವನ್ನೂ ಒಬ್ಬರೇ ನಡೆಸಿಕೊಂಡು ಬಂದ ಹೆಂಗಸು. ಹಣೆಯ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಎದುರಿಗಿದ್ದವರ ಮಾತು ಮುಗಿಯುವ ಮೊದಲೇ ಉತ್ತರ. ಒಬ್ಬನೇ ಮಗ. ಆ ಮಗ ಹೆಂಡತಿ, ಮಗಳನ್ನು ಕಳಿಸಿಕೊಡಲು ಕೇಳಿ ಮೇಲಿಂದ ಮೇಲೆ ಪತ್ರ ಬರೆಯುತ್ತಿದ್ದರು. ಪಟ್ನಾ ತನಕ ರೈಲಿನಲ್ಲಿ ಬಂದರೆ ಅಲ್ಲಿಂದ ವಿಮಾನ ಇದೆ, ಬೆಟ್ಟದ ರಸ್ತೆಯಲ್ಲಿ ಬಸ್ಸಿಗೆ ಕೂಸನ್ನು ತರುವುದು ಕಷ್ಟ, ವಿಮಾನದ ಟಿಕೆಟ್ ನಾನೇ ಕಳಿಸುತ್ತೇನೆ ಎಂದು ಬರೆದಿದ್ದರು. ಅತ್ತಿ ಆ ಪತ್ರಗಳನ್ನು ಓದಿಸಿ ಕೇಳಿ, ಮಡಚಿ ಇಡುತ್ತಿದ್ದರು.

"ಬ್ಯಾರೆ ದೇಶ, ಬ್ಯಾರೆ ಮಂದಿ" ಅನ್ನುವರು. "ಹಾದಿಯಾಗ ಏನರ ಆದ್ರ ಯಾರನ್ನ ಕೇಳೂದು? ಹಾಲು ಕುಡಿಯೂ ಕೂಸಿನ್ನ ಗಾಳ್ಯಾಗ ತೇಲಿಸ್ಕೋತ ಒಯ್ಯಾಕ ನಾ ಒಪ್ಪಾಂಗಿಲ್ಲ."

ನಾನು ಆಗ ಸಿಂದಗಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದೆ. ಕೆಲಸಕ್ಕೆ ಸೇರಿ ಹೆಚ್ಚು ದಿನವಾಗಿರಲಿಲ್ಲ. ಊರಲ್ಲಿ ಹುಡುಗಿಯರು, ಅವರ ಅಪ್ಪ ಅವ್ವಂದಿರು ಎಲ್ಲ "ಅಕ್ಕೋರ" ಎಂದು ಕರೆದಾಗ ಹಿಂದೆ ತಿರುಗಿ ಬೇರೆ ಯಾರಾದರೂ ಇದ್ದಾರೆಯೇ ಎಂದು ನೋಡುವಷ್ಟು ಹೊಸಬಳು. ನಾಗರ ಪಂಚಮಿಗೆ ಮನಗೂಳಿಗೆ ಹೋದಾಗ ಅಕ್ಕನೂ ಬಂದಿದ್ದಳು. ಮಾತು ಕಡಿಮೆಯಾಗಿತ್ತು. ಹಿಂದೆ ಜೋಕಾಲಿ ಕಟ್ಟಿದ ಕೂಡಲೇ ಮೊದಲು ಏರುತ್ತಿದ್ದವಳು, ಈ ಸಲ ಪಡಸಾಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಏನಾಯಿತು ಎಂದು ಕೇಳಿದೆ.

"ಏನಿಲ್ಲ ತಂಗಿ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ತಾನೇ ಹೇಳಿದಳು. "ಇಕಿಗೆ ಅಪ್ಪ ಅಂದ್ರ ಗ್ವಾಡಿ ಮ್ಯಾಲಿನ ಫೋಟೋ ಅಷ್ಟ. ಫೋಟೋಕ್ಕ ಕೈ ಮಾಡಿ ಅಪ್ಪ ಅಂತಾಳ. ಮೊನ್ನಿ ಕ್ಯಾಲೆಂಡರಿನ ಎತ್ತಿಗೂ ಅಪ್ಪ ಅಂದ್ಲು."

ಹೇಳಿ ನಕ್ಕಳು. ನಗುತ್ತಲೇ ಎದ್ದು ಒಳಗೆ ಹೋದಳು. 

ಸಿಂದಗಿಗೆ ಮರಳಿದ ಮೇಲೆ ತರಗತಿಯ ಗೋಡೆಗೆ ತೂಗುಹಾಕಿದ್ದ ಭಾರತದ ದೊಡ್ಡ ನಕಾಶೆಯ ಮುಂದೆ ನಿಂತು ಒಂದು ದಿನ ಸುಮ್ಮನೆ ದಾರ ಹಿಡಿದು ನೋಡಿದೆ. ಪಟ್ನಾದಿಂದ ಕಠ್ಮಂಡುವಿಗೆ ದಾರ ಹಿಡಿದಾಗ ಅದು ನನ್ನ ಬೆರಳಿನಷ್ಟೂ ಉದ್ದ ಬರಲಿಲ್ಲ. ಅದೇ ಅಳತೆಯನ್ನು ನಮ್ಮ ಕಡೆಗೆ ತಂದು ಇಟ್ಟೆ. ನೋಡಿದ ಮೇಲೆ ನನಗೆ ನಗು ಬಂತು. ಇದನ್ನು ಅತ್ತಿಗೆ ತೋರಿಸಬೇಕು ಅನ್ನಿಸಿತು. ಮುಖ್ಯಾಧ್ಯಾಪಕಿ ದೊಡ್ಡಕ್ಕೋರ ಒಪ್ಪಿಗೆ ಪಡೆದು, ಶನಿವಾರ ಬೆಳಗಿನ ಶಾಲೆ ಮುಗಿಸಿ, ನಕಾಶೆಯನ್ನು ಸುತ್ತಿಕೊಂಡು ತಾಳಿಕೋಟೆಯ ಬಸ್ಸು ಹತ್ತಿದೆ. ನಕಾಶೆ ನನಗಿಂತ ಉದ್ದ ಇತ್ತು. ಕಿಟಕಿಯಿಂದ ಒಂದು ತುದಿ ಹೊರಗೆ ಚಾಚಿತ್ತು. ಕಂಡಕ್ಟರ್ "ಇದಕ್ಕೂ ಟಿಕೀಟು ತಗೀಬೇಕೇನ್ರಿ ಅಕ್ಕೋರ" ಎಂದು ಕೇಳಿದ. ಇಡೀ ದೇಶಕ್ಕೆ ಟಿಕೆಟ್ ಕೊಡುವಷ್ಟು ಪುಸ್ತಕ ನಿನ್ನ ಹತ್ತಿರ ಇದೆಯೇ ಎಂದೆ. ಬಸ್ಸಿನಲ್ಲಿದ್ದವರು ನಕ್ಕರು.

ಅತ್ತಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದರು. ನನ್ನನ್ನೂ ನನ್ನ ಕೈಯಲ್ಲಿದ್ದುದನ್ನೂ ನೋಡಿದರು.

"ಏನ್ರಿ ಅಕ್ಕೋರ, ಸಾಲೀನ ಕಿತ್ಕೊಂಡು ಬಂದ್ರೇನು?"

"ನಿಮಗ ಒಂದು ತೋರಸ್ಬೇಕಾಗಿತ್ತು ಅತ್ತಿ."

ನಕಾಶೆಯನ್ನು ಪಡಸಾಲೆಯ ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ನಾಲ್ಕು ತಂಬಿಗೆ ಇಟ್ಟೆ. ಅತ್ತಿ ಮೊರ ಬದಿಗಿಟ್ಟು ಬಂದು ಕೂತರು. ಅಕ್ಕ ಅಡಿಗೆಮನೆಯ ಬಾಗಿಲಲ್ಲಿ ನಿಂತಳು. ನಾನು ಪಟ್ನಾ ತೋರಿಸಿದೆ, ಕಠ್ಮಂಡು ತೋರಿಸಿದೆ. ದಾರ ಹಿಡಿದು, ಅಳತೆ ತಪ್ಪದಂತೆ ಎರಡೂ ಬೆರಳಿನಿಂದ ಬಿಗಿಯಾಗಿ ಒತ್ತಿಕೊಂಡು, ಒಂದು ತುದಿಯನ್ನು ವಿಜಾಪುರದ ಮೇಲಿಟ್ಟು ಕೆಳಕ್ಕೆ ಎಳೆದೆ. ದಾರ ಕೊಲ್ಹಾರದ ಹತ್ತಿರ ಕೃಷ್ಣೆಯನ್ನು ದಾಟಿತು, ಬಾಗಲಕೋಟೆ ದಾಟಿತು, ಗದಗ ದಾಟಿ ಬ್ಯಾಡಗಿಯಲ್ಲಿ ಮುಗಿಯಿತು.

"ಬ್ಯಾಡಗಿ?" ಎಂದರು ಅತ್ತಿ. ಮೆಣಸಿನಕಾಯಿಯ ಚೀಲಗಳ ಜೊತೆ ಅವರು ಬ್ಯಾಡಗಿಗೆ ಹೋಗಿ ಬಂದವರು.

"ಹೌದ್ರಿ. ಗಾಳ್ಯಾಗ ಸೀದಾ ಹಾರಿದ್ರ ವಿಜಾಪುರದಿಂದ ಬ್ಯಾಡಗಿ ಎಷ್ಟ ದೂರೋ, ಪಟ್ನಾದಿಂದ ಕಠ್ಮಂಡು ಅಷ್ಟ ದೂರ. ತಾಸಿನೊಳಗ ಮುಟ್ಟತೈತಂತ."

ಅತ್ತಿ ನನ್ನ ಕೈಯಿಂದ ದಾರ ಕಸಿದುಕೊಂಡು ವಿಜಾಪುರದಿಂದ ಪಟ್ನಾದ ಕಡೆಗೆ ತಾವೇ ಅಳೆಯಲು ಶುರು ಮಾಡಿದರು. ಒಂದು ಸಲ ಇಟ್ಟರು, ಮತ್ತೊಂದು ಸಲ ಇಟ್ಟರು, ಮತ್ತೆ, ಮತ್ತೆ. ಮೊಣಕಾಲ ಮೇಲೆ ನಕಾಶೆಯ ಉದ್ದಕ್ಕೂ ಸರಿಯುತ್ತ ಹೋದರು. ಪಟ್ನಾ ಮುಟ್ಟುವಷ್ಟರಲ್ಲಿ ಅವರ ಬಳೆ ಇಲ್ಲದ ಕೈ ನಕಾಶೆಯ ಆ ಬದಿಯಲ್ಲಿತ್ತು.

"ಎಮ್ಮಿ ಬಾಲ ಅಷ್ಟ ಅಳದು ತೋರ್ಸಾಕ ಬಂದೀರಲ್ರಿ" ಎಂದರು. "ಎಮ್ಮಿ ಇಲ್ಲೇ ಬಿದ್ದೈತಲ್ಲ, ಇಷ್ಟ ದೊಡ್ಡದು."

"ಆ ಎಮ್ಮಿ ಪೂರಾ ನಮ್ಮ ದೇಶದಾಗ ಐತಿ ಅತ್ತಿ. ಅಲ್ಲಿ ತನಕ ರೈಲು ಹೋಗತೈತಿ. ನೀವು ಅಂಜಿದ್ದು ಬ್ಯಾರೆ ದೇಶಕ್ಕ. ಅದು ಬಾಲದಷ್ಟ ಐತಿ."

ಅತ್ತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಾಗಿಲಲ್ಲಿ ನಿಂತ ಅಕ್ಕನ ಮುಖ ಅರಳಿತು. ಆದರೆ ಅತ್ತಿ ಹೂಂ ಅನ್ನಲಿಲ್ಲ. "ಊಟಕ್ಕ ಏಳ್ರಿ, ರೊಟ್ಟಿ ಆರತಾವ" ಎಂದು ಹೇಳಿ ಎದ್ದುಬಿಟ್ಟರು. ಊಟದ ತುಂಬ ಮಳೆಯ ಮಾತು, ಡೋಣಿ ಹೊಳೆಯ ಮಾತು. ನಾನು ನಕಾಶೆ ಸುತ್ತಿಕೊಂಡು ಬಂದ ದಾರಿ ಹಿಡಿದೆ.

ಅದಾದ ಕೆಲವು ವಾರಗಳ ಮೇಲೆ, ಎಂಟನೆಯ ತರಗತಿಗೆ ಪಾಠ ಮಾಡುತ್ತಿದ್ದೆ. ಬಾಗಿಲಲ್ಲಿ ಯಾರೋ ಕೆಮ್ಮಿದಂತಾಯಿತು. ನೋಡಿದರೆ ಅತ್ತಿ. ಕೈಯಲ್ಲಿ ಬುತ್ತಿಯ ಗಂಟು, ಕಾಲಿಗೆ ಕೆಂಪು ಧೂಳು. ಹುಡುಗಿಯರು ಎದ್ದು ನಿಂತರು.

"ಮುಂದ ನಡೀಲಿ ಅಕ್ಕೋರ. ನಾ ಇಲ್ಲೇ ಹಿಂದ ಕೂಡ್ತೇನಿ."

ಯಂಕಂಚಿಯಿಂದ ಬರುತ್ತಿದ್ದ ಒಬ್ಬ ಹುಡುಗಿ ಹಿಂದಿನ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟಳು. ಅತ್ತಿ ಕೂತರು. ನಾನು ನದಿಗಳ ಪಾಠ ಮಾಡುತ್ತಿದ್ದೆ, ಮಾತು ತೊದಲತೊಡಗಿತು. ಗಂಗೆಯ ಉಪನದಿಗಳ ಹೆಸರು ಹೇಳುವಾಗ ಒಂದನ್ನು ಮರೆತೆ, ಹುಡುಗಿಯರೇ ನೆನಪು ಮಾಡಿಕೊಟ್ಟರು. ಗಂಟೆ ಬಾರಿಸಿ ಮಕ್ಕಳು ಹೊರಗೆ ಹೋದ ಮೇಲೆ ಅತ್ತಿ ಎದ್ದು ಬಂದು ಕಪಾಟಿನ ಮೇಲಿದ್ದ ಗ್ಲೋಬನ್ನು ತೋರಿಸಿದರು.

"ಆ ಚಂಡು ತಗೀರಿ. ನಮ್ಮ ಊರು ಎಲ್ಲೈತಿ, ನನ್ನ ಮಗ ಎಲ್ಲಿ ಅದಾನ, ಬೆರಳಿಟ್ಟು ಹೇಳ್ರಿ."

ಹೇಳಿದೆ. ಅವರು ಹೆಬ್ಬೆರಳನ್ನು ನಮ್ಮ ಊರಿನ ಮೇಲೆ, ತೋರುಬೆರಳನ್ನು ಮಗನ ಊರಿನ ಮೇಲೆ ಇಟ್ಟರು.

"ಗೇಣು ಸೈತ ಇಲ್ಲಲ್ರಿ" ಎಂದರು. ಬೆರಳುಗಳನ್ನು ಅಲ್ಲಿಂದ ಎತ್ತಲಿಲ್ಲ. "ಸೊಸಿ ಊಟ ಬಿಟ್ಟಾಳ. ಬಾಯಿ ಬಿಟ್ಟು ಏನೂ ಅನ್ನಂಗಿಲ್ಲ. ಅಂದಿದ್ರ ಬೈದರ ಬೈತಿದ್ದೆ. ಅಕಿನ್ನ ಕಳಸ್ತೇನಿ. ಆದ್ರ ಒಬ್ಬಾಕಿನ್ನ ಅಲ್ಲ. ನಾನೂ ಹೊಂಟೇನಿ, ನೀವೂ ಬರ್ರಿ. ದೀಪಾವಳಿ ಸೂಟಿ ಯಾವಾಗ?"

ಮನಗೂಳಿಯಲ್ಲಿ ಅವ್ವ ಅತ್ತಳು, ಅಪ್ಪ ಮಾತ್ರ ಅರ್ಧ ತಾಸು ಅಡಿಕೆ ಜಗಿದು "ಹೋಗು. ಬಂದ ಮ್ಯಾಲ ನಮಗೂ ಹೇಳು, ಹೆಂಗಿತ್ತು ಅಂತ" ಎಂದರು. ಅಕ್ಕ ರೊಟ್ಟಿ ಬಡಿದಳು. ಅತ್ತಿ ಜೋಳದ ಹಿಟ್ಟು, ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಕೆಂಪು ಖಾರ, ಮಗನಿಗೆ ಹೊದೆಯಲೆಂದು ಒಂದು ಕೌದಿ ಎಲ್ಲ ಗಂಟು ಕಟ್ಟಿದರು. ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ ಎಂದು ಭಾವ ಬರೆದಿದ್ದು ಅತ್ತಿಗೆ ಬಹಳ ಹಿಡಿಸಿತ್ತು. "ಪರದೇಶ ಅಂದ್ರ ಚೀಟಿ ಕೇಳ್ಬೇಕು. ಚೀಟಿ ಕೇಳಂಗಿಲ್ಲ ಅಂದ್ರ ಅದು ಬೀಗರ ಊರಿದ್ದಂಗ" ಎಂದು ಊರಲ್ಲಿ ಹೇಳಿಕೊಂಡು ಬಂದರಂತೆ.

ವಿಜಾಪುರದಲ್ಲಿ ಮೀಟರ್‌ಗೇಜಿನ ಸಣ್ಣ ಗಾಡಿ ಹತ್ತಿದೆವು. ಇಂಡಿ ರೋಡ್ ನಿಲ್ದಾಣದಲ್ಲಿ ನಮ್ಮ ಸೋದರಮಾವ ಒಂದು ಚೀಲ ನಿಂಬೆಹಣ್ಣು ಹಿಡಿದು ನಿಂತಿದ್ದರು. ಅವರ ತೋಟದವು. "ಹಾದಿಯಾಗ ಹೊಟ್ಟಿ ತೊಳಸಿದ್ರ ಮೂಸ್ರಿ. ಉಳದ್ರ ಅಲ್ಲಿ ಉಪ್ಪಿನಕಾಯಿ ಹಾಕ್ರಿ" ಎಂದು ಕಿಟಕಿಯೊಳಗೆ ತುರುಕಿದರು. ಗಾಡಿ ಹೊರಟಿತು.

ಸೊಲ್ಲಾಪುರದಲ್ಲಿ ಇಳಿದು ದೊಡ್ಡ ಗಾಡಿಗೆ ಕಾಯುತ್ತ ಪ್ಲಾಟ್‌ಫಾರ್ಮಿನ ಮೇಲೆ ಕೂತಿದ್ದೆವು. ಮಧ್ಯಾಹ್ನದ ಬಿಸಿಲು. ಅಕ್ಕ ಕೂಸಿಗೆ ಹಾಲು ಕುಡಿಸುತ್ತಿದ್ದಳು. ಅಷ್ಟರಲ್ಲಿ ದೂರದಲ್ಲೆಲ್ಲೋ ಬಟ್ಟೆ ಗಿರಣಿಯ ಸೈರನ್, ಉದ್ದಕ್ಕೆ ಕೂಗಿ ನಿಂತಿತು. ಬುತ್ತಿ ಬಿಚ್ಚುತ್ತಿದ್ದ ಅತ್ತಿಯ ಕೈ ಹಾಗೇ ನಿಂತಿತು.

"ಇದ ಏನು ಭೋಂಗಾ?"

"ಗಿರಣಿ ಭೋಂಗಾ ಅತ್ತಿ. ಪಾಳಿ ಬದಲಾಗೂ ಹೊತ್ತು" ಎಂದೆ.

ಅವರು ಆ ದಿಕ್ಕಿಗೆ ನೋಡಿದರು. ಅಲ್ಲಿ ಚಿಮಣಿಗಳ ಹೊಗೆ ಕಾಣುತ್ತಿತ್ತು. "ನಿಮ್ಮ ಮಾವ ಇಲ್ಲೇ ದುಡೀತಿದ್ರು" ಎಂದರು. ಅಕ್ಕನೂ ನಾನೂ ಮುಖ ಮುಖ ನೋಡಿಕೊಂಡೆವು. ತೀರಿಕೊಂಡ ಮಾವ ಸೊಲ್ಲಾಪುರದಲ್ಲಿದ್ದರೆಂದು ಅಕ್ಕನೂ ಕೇಳಿರಲಿಲ್ಲ.

"ನಾ ಆವಾಗ ಹೊಸಾ ಸೊಸಿ. ಅಣ್ತಮ್ಮರು ನಾಕು ಮಂದಿ, ಹೊಲ ಒಂದು. ಇವರು ಇಲ್ಲಿ ಗಿರಣಿಗೆ ಬಂದ್ರು. ಪಂಚಮಿಗೆ ಊರಿಗೆ ಬರಾವ್ರು, ದೀಪಾವಳಿಗೆ ಬರಾವ್ರು. ಬಂದಾಗ ಬರೇ ಇದ ಮಾತು. ಭೋಂಗಾ ಆದ ಕೂಡ್ಲೆ ಏಳ್ತೇನಿ, ಭೋಂಗಾ ಆದ ಮ್ಯಾಲ ಉಣ್ತೇನಿ ಅಂತ. ಅದು ಹೆಂಗ ಕೂಗತೈತಿ ಅಂತ ನಾ ಕೇಳಿದ್ರ ಬಾಯಿಲೆ ಮಾಡಿ ತೋರಸಾವ್ರು." ಅತ್ತಿ ರೊಟ್ಟಿಯ ಚೂರೊಂದನ್ನು ಮುರಿದರು, ತಿನ್ನಲಿಲ್ಲ. "ನನ್ನೂ ಕರ್ಕೊಂಡು ಹೋಗ್ರಿ ಅಂತ ಅನ್ನಾಕ ಬಾಯಿ ಬರಲಿಲ್ಲ. ಶಹರದಾಗ ಹೆಣ್ಮಗಳಿಗೆ ಏನ ಕೆಲಸ ಅಂತ ನಮ್ಮತ್ತಿ ಅಂದ್ಲು. ಅಲ್ಲಿಗೆ ಮುಗೀತು. ಮುಂದ ಅವರಿಗೆ ಎದೀ ಬ್ಯಾನಿ ಬಂತು, ಊರಿಗೆ ಬಂದ್ರು, ಹೋದ್ರು. ಸೊಲ್ಲಾಪುರ ಎಷ್ಟ ಹರದಾರಿ ನಮ್ಮೂರಿಂದ? ಮುಂಜಾನಿ ಹೊಂಟ್ರ ಮಧ್ಯಾಹ್ನಕ್ಕ ಮುಟ್ಟಿದ್ವಲ್ಲ. ಇಷ್ಟ ಇತ್ತು."

ಅಕ್ಕ ಕೂಸನ್ನು ಎತ್ತಿ ಅತ್ತಿಯ ತೊಡೆಯ ಮೇಲೆ ಹಾಕಿದಳು. ಗಾಡಿ ಬರುವ ತನಕ ಕೂಸು ಅಲ್ಲೇ ಮಲಗಿತ್ತು.

ಕಲ್ಯಾಣ ಜಂಕ್ಷನ್ನಿನಲ್ಲಿ ಒಮ್ಮೆ, ಮೊಗಲಸರಾಯಿಯಲ್ಲಿ ಒಮ್ಮೆ ಗಾಡಿ ಬದಲಿಸಿದೆವು. ನನ್ನದು ಪರೀಕ್ಷೆ ಪಾಸು ಮಾಡಿದ ಹಿಂದಿ. ಅತ್ತಿಯದು ತಾಳಿಕೋಟೆ ಸಂತೆಯ ಉರ್ದು. ಕೂಲಿಯವರ ಜೊತೆ ಅವರು ಮಾತಾಡುವರು, ಟಿಕೆಟ್ ತನಿಖೆಯವರ ಜೊತೆ ನಾನು. ಎದುರಿಗೆ ಕೂತ ಒಂದು ಬಿಹಾರಿ ಕುಟುಂಬ ನಮ್ಮ ರೊಟ್ಟಿ ತಿಂದು, ಇದು ಹಪ್ಪಳವೇ ಎಂದು ಕೇಳಿತು. ಅತ್ತಿ ಅವರಿಗೆ ಶೇಂಗಾ ಹಿಂಡಿ ಹಚ್ಚಿ ಇನ್ನೊಂದೊಂದು ಕೊಟ್ಟರು. ಖಾರಕ್ಕೆ ಅವರ ಕಣ್ಣಲ್ಲಿ ನೀರು ಬಂದದ್ದು ನೋಡಿ ನಿಂಬೆಹಣ್ಣೂ ಕೊಟ್ಟರು.

ಪಟ್ನಾ ಮುಟ್ಟಿದಾಗ ಎಲ್ಲರ ಮುಖವೂ ಕಲ್ಲಿದ್ದಲ ಹೊಗೆಗೆ ಕಪ್ಪಾಗಿತ್ತು. ಸ್ನಾನ ಮಾಡಿ ವಿಮಾನ ನಿಲ್ದಾಣಕ್ಕೆ ಹೋದೆವು. ಅದೊಂದು ಸಣ್ಣ ಕಟ್ಟಡ, ಮುಂದೆ ಬಯಲು. ಅಲ್ಲಿದ್ದವರು ಆಚೆಯ ಕಣಿವೆಯಲ್ಲಿ ಮೋಡ ಕವಿದಿದೆ, ಇವತ್ತು ವಿಮಾನ ಹೋಗುವುದಿಲ್ಲ, ನಾಳೆ ಬನ್ನಿ ಎಂದರು. ಧರ್ಮಶಾಲೆಯೊಂದರಲ್ಲಿ ಉಳಿದೆವು. ಮರುದಿನ ಹೋದರೂ ಅದೇ ಮಾತು. ಕೂಸಿಗೆ ನೆಗಡಿಯಾಗಿತ್ತು, ಮೂಗು ಕಟ್ಟಿ ಅಳುತ್ತಿತ್ತು. ಧರ್ಮಶಾಲೆಗೆ ಮರಳಿದ ಕೂಡಲೇ ಅತ್ತಿ ಗಂಟುಗಳನ್ನು ಒಂದು ಕಡೆ ಸೇರಿಸತೊಡಗಿದರು.

"ದೇವರಿಗೆ ಮನಸಿಲ್ಲ. ಬರ್ರಿ, ಹೊಳ್ಳಿ ಹೋಗೂನು. ಕೂಸಿಗೆ ಏನರ ಆದ್ರ ನಾ ಯಾರಿಗೆ ಮುಖ ತೋರಸ್ಲಿ? ಬ್ಯಾಸಗಿಗೆ ಅಂವ ರಜಾ ಹಾಕಿ ಬರ್ಲಿ."

ನಾನು ಏನೋ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಮಾತಾಡಿದಳು. ಗೋಡೆಗೆ ಒರಗಿ ಕೂಸಿನ ಎದೆಗೆ ಎಣ್ಣೆ ತಿಕ್ಕುತ್ತಿದ್ದಳು, ತಲೆ ಎತ್ತಲಿಲ್ಲ.

"ಅತ್ತಿ, ನೀವು ಹೋಗೂದಿದ್ರ ಹೋಗ್ರಿ. ತಂಗಿ ನಿಮ್ಮ ಜೋಡಿ ಬರ್ತಾಳ. ನಾ ಇಲ್ಲೇ ಇರ್ತೇನಿ."

"ಒಬ್ಬಾಕೀನ?"

"ಕೂಸು ಐತಲ್ರಿ. ಮ್ವಾಡ ಎಷ್ಟ ದಿನ ನಿಂತಾವ? ಒಂದಿಲ್ಲ ಒಂದಿನ ಸರೀತಾವ. ಸರದ ದಿನ ಹೋಗ್ತೇನಿ. ನಾ ಹಿಂದ ಬರಂಗಿಲ್ಲ."

ಮದುವೆಯಾದಾಗಿನಿಂದ ಅಕ್ಕ ಅತ್ತೆಯ ಮುಂದೆ ಅಷ್ಟು ಮಾತು ಆಡಿದ್ದೇ ಇಲ್ಲ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಳುವೂ ಇರಲಿಲ್ಲ. ಅತ್ತಿ ಗಂಟು ಹಿಡಿದುಕೊಂಡೇ ನಿಂತರು. ಆಮೇಲೆ ಅದನ್ನು ಕೆಳಗಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ಹೊರಗೆ ಹೋದರು. ನನಗೆ ಭಯವಾಯಿತು. ಗೊತ್ತಿಲ್ಲದ ಊರು, ಅವರು ಎಲ್ಲಿಗೆ ಹೋದರೋ, ಹಿಂದೆಯೇ ಹೋಗಬೇಕೋ ಬೇಡವೋ ತಿಳಿಯದೆ ಬಾಗಿಲಿಗೂ ಒಳಗೂ ತಿರುಗಾಡಿದೆ. ಅಕ್ಕ ಎಣ್ಣೆ ತಿಕ್ಕುವುದನ್ನು ನಿಲ್ಲಿಸಲಿಲ್ಲ.

ಅತ್ತಿ ಬಂದಾಗ ಒಂದು ಕೈಯಲ್ಲಿ ಬಿಸಿ ಹಾಲಿನ ತಂಬಿಗೆ ಇತ್ತು. ಹಿಂದೆ ಚಹಾ ಅಂಗಡಿಯವನು ಮಣ್ಣಿನ ಕುಡಿಕೆಗಳಲ್ಲಿ ಚಹಾ ಹಿಡಿದು ಬಂದ. ಅತ್ತಿ ಒಂದು ಕುಡಿಕೆಯನ್ನು ಅಕ್ಕನ ಮುಂದೆ ಇಟ್ಟು ಅವಳ ಎದುರಿಗೇ ನೆಲದ ಮೇಲೆ ಕೂತರು.

"ಈ ಮಾತು ಆಡಾಕ ನನಗ ಬಾಯಿ ಇರಲಿಲ್ಲ. ನಿನಗ ಐತಿ" ಎಂದರು. "ಕುಡಿ, ಆರತೈತಿ."

ಅಕ್ಕ ಕುಡಿಕೆ ಎತ್ತಿಕೊಂಡಳು. ಆಗ ಅತ್ತಳು. ಅತ್ತಿ ಕೂಸಿಗೆ ಹಾಲು ಕುಡಿಸುತ್ತ, "ಅಳೂದಾದ್ರ ಚಾ ಕುಡದು ಅಳು" ಎಂದರು. ಮೂವರೂ ನಕ್ಕೆವು.

ಮರುದಿನ ಬೆಳಿಗ್ಗೆ ಆಕಾಶ ತೊಳೆದಂತಿತ್ತು. ಎರಡು ಪ್ರೊಪೆಲ್ಲರಿನ ಸಣ್ಣ ವಿಮಾನ. ಬಿಸಿಲಿಗೆ ಹೊಳೆಯುತ್ತ ನಿಂತಿತ್ತು. ಮೆಟ್ಟಿಲ ಬುಡದಲ್ಲಿ ಅತ್ತಿ ಚಪ್ಪಲಿ ಬಿಟ್ಟರು. ಅಲ್ಲಿದ್ದ ಹುಡುಗಿ ಹಾಕಿಕೊಂಡೇ ಬನ್ನಿ ಎಂದು ಸನ್ನೆ ಮಾಡಿದ ಮೇಲೆ ಮತ್ತೆ ಮೆಟ್ಟಿಕೊಂಡರು. ಒಳಗೆ ಆ ಹುಡುಗಿ ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು ಕೊಟ್ಟಳು. ಅತ್ತಿ ಕಿಟಕಿಯ ಪಕ್ಕ, ನಡುವೆ ನಾನು, ಆಚೆ ಬದಿಯ ಸೀಟಿನಲ್ಲಿ ಅಕ್ಕ ಮತ್ತು ಕೂಸು. ವಿಮಾನ ಓಡತೊಡಗಿದಾಗ ಅತ್ತಿ ನನ್ನ ಮುಂಗೈಯನ್ನು ಹಿಡಿದ ಗುರುತು ಸಂಜೆಯ ತನಕ ಕೆಂಪಗಿತ್ತು. ನೆಲ ಬಿಟ್ಟ ಮೇಲೆ ಕಣ್ಣು ತೆರೆದರು. ಕೆಳಗೆ ಗಂಗೆ, ಕಣ್ಣು ಹಾಯುವಷ್ಟೂ ಅಗಲ.

"ಇದ ಕೃಷ್ಣಾ ಆತಲ್ಲ?" ಎಂದರು.

ನನಗೆ ಅರ್ಥವಾಗಲಿಲ್ಲ. ಗಂಗೆ ಎಂದೆ.

"ಅದು ಗೊತ್ತೈತಿ. ನಿಮ್ಮ ದಾರದ ಲೆಕ್ಕಕ್ಕ ಹೇಳಾಕತ್ತೇನಿ. ವಿಜಾಪುರ ಬಿಟ್ಟ ಕೂಡ್ಲೆ ಕೃಷ್ಣಾ ಬರಂಗಿಲ್ಲೇನು? ಕೊಲ್ಹಾರ ದಾಟಿದ್ವಿ."

ಆಮೇಲೆ ಅವರ ಅಂಜಿಕೆ ಹೋಯಿತು. ಹಸಿರು ಗದ್ದೆಗಳ ಮೇಲೆ ಹೋಗುವಾಗ ಬಾಗಲಕೋಟೆ ಬಂತು ಎಂದರು. ಕಾಡು ಶುರುವಾದಾಗ ಇದು ಗದಗು ಇರಬೇಕು ಎಂದರು. ಮುಂದಿನ ಸೀಟಿನಲ್ಲಿದ್ದ ಒಬ್ಬ ನೇಪಾಳಿ ಹೆಂಗಸಿಗೆ ಹೊಟ್ಟೆ ತೊಳಸಿದಾಗ ಮಡಿಲಿನಿಂದ ನಿಂಬೆಹಣ್ಣು ತೆಗೆದು ಕೊಟ್ಟರು. ಆಕೆ ಅದನ್ನು ಮೂಸುತ್ತ ಕಿಟಕಿಯ ಆಚೆ ತೋರಿಸಿದಳು. ಅತ್ತಿ ತಿರುಗಿ ನೋಡಿದವರು ಮಾತು ನಿಲ್ಲಿಸಿದರು. ಬೆಟ್ಟಗಳ ಹಿಂದೆ ಬೆಟ್ಟ, ಅವುಗಳ ಹಿಂದೆ ಉದ್ದಕ್ಕೂ ಹಿಮ. ನಾನು ಮಕ್ಕಳಿಗೆ ನಕಾಶೆಯ ಕಂದು ಬಣ್ಣದಲ್ಲಿ ತೋರಿಸುತ್ತಿದ್ದದ್ದು ಬೆಳ್ಳಗೆ ಹೊಳೆಯುತ್ತ ನಿಂತಿತ್ತು. ಅತ್ತಿ ಕೈ ಮುಗಿದರು. ನಾನು ಮುಗಿಯಲಿಲ್ಲ. ನೋಡುವುದರಲ್ಲಿ ಮರೆತೆ.

ವಿಮಾನ ಕೆಳಗಿಳಿಯತೊಡಗಿದಾಗ ಅವರೇ ಅಕ್ಕನ ಕಡೆಗೆ ಬಾಗಿ ಹೇಳಿದರು. "ಕೂಸಿನ ತಲಿ ಮ್ಯಾಲ ಟೊಪ್ಪಗಿ ಹಾಕು. ಬ್ಯಾಡಗಿ ಬಂತು."

ಭಾವ ತಂತಿ ಬೇಲಿಯ ಆಚೆ ನಿಂತಿದ್ದರು. ಹಿಂದಿನ ಎರಡು ದಿನವೂ ಬಂದು ಆಕಾಶ ನೋಡಿಕೊಂಡು ಹೋಗಿದ್ದರಂತೆ. ಸೊರಗಿದ್ದರು, ಗಡ್ಡ ಬಿಟ್ಟಿದ್ದರು. ಮೊದಲು ತಾಯಿಯ ಕಾಲು ಮುಟ್ಟಿದರು. ಅತ್ತಿ ಅವರನ್ನು ಎತ್ತಿ ಅಕ್ಕನ ಕಡೆಗೆ ತಿರುಗಿಸಿದರು. ಭಾವ ಕೈ ಚಾಚಿದಾಗ ಕೂಸು ಕಿರುಚಿ ಅಜ್ಜಿಯ ಕೊರಳನ್ನು ಬಿಗಿಯಾಗಿ ಅಪ್ಪಿಕೊಂಡಿತು.

ಅದು ಅಷ್ಟು ಬೇಗ ಸರಿಹೋಗಲಿಲ್ಲ. ಅವರ ಮನೆ ಇಟ್ಟಿಗೆಯ ಒಂದು ಹಳೆಯ ಮನೆಯ ಮೇಲ್ಮಹಡಿಯಲ್ಲಿ ಎರಡು ಕೋಣೆ. ಕೂಸು ಒಂದು ಕೋಣೆಯಲ್ಲಿದ್ದರೆ ಭಾವ ಇನ್ನೊಂದರಲ್ಲಿ ಇರಬೇಕು. ಅವರು ಒಳಗೆ ಬಂದರೆ ಅದು ಹೊರಗೆ ಅಂಬೆಗಾಲಿಡುತ್ತಿತ್ತು. ಭಾವನ ಮುಖ ಸಣ್ಣದಾಗುತ್ತಿತ್ತು. ಗಡ್ಡ ತೆಗೆಸಿ ನೋಡಿದರು, ಉಪಯೋಗವಾಗಲಿಲ್ಲ. ಅತ್ತಿ ಮಾತ್ರ "ನೀ ಅಕಿನ್ನ ನೋಡಬ್ಯಾಡ. ಅಕೀನ ನಿನ್ನ ನೋಡ್ಲಿ" ಎಂದರು. ಭಾವ ಬಿಸಿಲುಮಾಳಿಗೆಯ ಮೇಲೆ ಕೂತು, ಯಾರ ಕಡೆಗೂ ನೋಡದೆ, ಕಡಲೆಕಾಯಿ ಒಡೆದು ಒಂದೊಂದೇ ಬೀಜವನ್ನು ಪಕ್ಕಕ್ಕೆ ಇಡುತ್ತ ಹೋದರು. ಒಂದು ದಿನ ಹಾಗೆ, ಮರುದಿನವೂ ಹಾಗೆ. ಕೂಸು ಹತ್ತಿರ ಬಂದು ಬೀಜಗಳನ್ನು ಕೈಯಿಂದ ಚೆಲ್ಲಾಪಿಲ್ಲಿ ಮಾಡಿತು. ಆಮೇಲೆ ಅವರ ಮೊಣಕಾಲು ಹಿಡಿದು ಎದ್ದು ನಿಂತಿತು. ಅದು ಮೊದಲ ಸಲ ತಾನಾಗಿ ನಿಂತದ್ದು ಅವತ್ತೇ. ಭಾವ ಅಲುಗಾಡಲಿಲ್ಲ, ಉಸಿರೂ ಬಿಡಲಿಲ್ಲ. ಅಕ್ಕ ಒದ್ದೆ ಬಟ್ಟೆ ಹಿಡಿದು ಹಗ್ಗದ ಬಳಿ ಹಾಗೇ ನಿಂತುಬಿಟ್ಟಳು.

ಸೂಟಿ ಮುಗಿಯುತ್ತ ಬಂತು. ನಾನು ಹೊರಡಬೇಕು. ಅತ್ತಿಯೂ ನನ್ನ ಜೊತೆಗೆ ಬರುತ್ತಾರೆಂದು ತಿಳಿದಿದ್ದೆ. ಅವರು ಉಪ್ಪಿನಕಾಯಿಗೆ ನಿಂಬೆಹಣ್ಣು ಹೆಚ್ಚುತ್ತ ಕೂತಿದ್ದರು.

"ನಾ ಬರಂಗಿಲ್ಲ. ಇದು ಕಳೀಬೇಕಾದ್ರ ತಿಂಗಳು ಬೇಕು" ಎಂದರು ಭರಣಿ ತೋರಿಸಿ. "ಹೊಲ ಗಳೇ ಹೊಡಿಯೂ ಆಳುಗೋಳು ನೋಡ್ಕೋತಾರ. ನೀ ಹೋಗಿ ಬಾ ಯವ್ವಾ."

ಅಕ್ಕೋರು ಎನ್ನುವುದು ಯಾವಾಗ ಬಿಟ್ಟುಹೋಗಿತ್ತೋ ನನಗೆ ಗೊತ್ತಾಗಿರಲಿಲ್ಲ. ಒಬ್ಬಳೇ ಹೋಗುವುದೇ ಎಂದು ಭಾವ ಅನುಮಾನಿಸಿದರು, ಮೊಗಲಸರಾಯಿಯ ತನಕ ಪರಿಚಯದವರನ್ನು ಹುಡುಕುತ್ತೇನೆ ಎಂದರು. ಅತ್ತಿ "ಬಂದ ಹಾದಿ ಅಕಿಗೆ ಗೊತ್ತಿಲ್ಲೇನು" ಎಂದುಬಿಟ್ಟರು. ಹೌದು, ಗೊತ್ತಿತ್ತು. ವಿಮಾನದಲ್ಲಿ ಈ ಸಲ ಕಿಟಕಿಯ ಪಕ್ಕ ನಾನು. ರೈಲಿನಲ್ಲಿ ಗಾಡಿ ಬದಲಿಸುವಾಗ ಅಂಜಿದ್ದು ನಿಜ. ಪೆಟ್ಟಿಗೆಯ ಮೇಲೆ ಕೂತು, ಪಕ್ಕದ ಹೆಂಗಸರ ಮಾತಿಗೆ ಹೂಂ ಹೂಂ ಅನ್ನುತ್ತ, ಕೊನೆಗೆ ಸಣ್ಣ ಗಾಡಿ ಹಿಡಿದು ವಿಜಾಪುರದಲ್ಲಿ ಇಳಿದೆ. ಅಪ್ಪ ನಿಲ್ದಾಣಕ್ಕೆ ಬಂದಿದ್ದರು. ನನ್ನ ಹಿಂದೆ ಇನ್ಯಾರು ಇಳಿಯುತ್ತಾರೋ ಎಂದು ನೋಡಿದರು.

"ಒಬ್ಬಾಕೀನ ಬಂದಿ?"

"ಹೌದಪ್ಪಾ."

ಅಪ್ಪ ನನ್ನ ಪೆಟ್ಟಿಗೆ ಎತ್ತಿಕೊಂಡರು. ಮನಗೂಳಿಯ ಬಸ್ಸಿನಲ್ಲಿ ಗುರುತಿನವರು ಹತ್ತಿದಾಗಲೆಲ್ಲ, ಯಾರೂ ಕೇಳದಿದ್ದರೂ, "ನಮ್ಮ ಹುಡುಗಿ ನೇಪಾಳದಿಂದ ಒಬ್ಬಾಕೀನ ಬಂದ್ಲು" ಎಂದು ಹೇಳುತ್ತ ಬಂದರು. ನನಗೆ ನಾಚಿಕೆಯಾಗಿ ಹೊರಗೆ ನೋಡುತ್ತ ಕೂತೆ. ಎರಡೂ ಬದಿಗೆ ಬಿಳಿಜೋಳ ಮೊಣಕಾಲೆತ್ತರ ಬಂದಿತ್ತು. ಮರುವರ್ಷ ಧಾರವಾಡಕ್ಕೆ ಹೋಗಿ ಎಂ.ಎ. ಓದುತ್ತೇನೆ ಎಂದು ನಾನು ಕೇಳಿದಾಗ ಮನೆಯಲ್ಲಿ ಯಾರೂ ತಕರಾರು ತೆಗೆಯಲಿಲ್ಲ.

ಅತ್ತಿ ಯುಗಾದಿಗೆ ಮಗನ ಜೊತೆ ಊರಿಗೆ ಬಂದರು. ಮುದ್ದೇಬಿಹಾಳದ ಕಡೆಯ ಅವರ ನೆಂಟರ ಮನೆಯಲ್ಲಿ ಒಬ್ಬ ಸೊಸೆ ಇದ್ದಳು, ಗಂಡ ಪುಣೆಯಲ್ಲಿ ಕಾರ್ಖಾನೆಯ ಕೆಲಸ. ಅತ್ತಿ ಅಲ್ಲಿಗೆ ಹೋಗಿ ಏನು ಮಾತಾಡಿದರೋ, ಮಳೆಗಾಲಕ್ಕೆ ಮೊದಲು ಆ ಹುಡುಗಿ ಪುಣೆಯ ಬಸ್ಸು ಹತ್ತಿದ್ದಳು.

ಅಕ್ಕನಿಗೆ ಮತ್ತೆ ದಿನ ತುಂಬುತ್ತಿದೆ ಎಂಬ ಸುದ್ದಿ ಬಂದಾಗ ಅತ್ತಿ ನಮಗೆಲ್ಲ ಹೇಳಿಕಳಿಸಿದ್ದು ಕಠ್ಮಂಡುವಿಗೆ ಹೊರಡುವ ದಿನ ಮಾತ್ರ. ಧಾರವಾಡದಿಂದ ಎರಡು ದಿನಕ್ಕೆ ಊರಿಗೆ ಬಂದಿದ್ದ ನಾನೂ ಅಪ್ಪನೂ ವಿಜಾಪುರದ ನಿಲ್ದಾಣಕ್ಕೆ ಓಡಿದೆವು. ಅತ್ತಿ ಅಷ್ಟರಲ್ಲಿ ಬೋಗಿಯಲ್ಲಿ ಕೂತಾಗಿತ್ತು. ಜೊತೆಗೆ ಯಾರೂ ಇರಲಿಲ್ಲ. ಬಾಣಂತಿಯ ಅಂಟಿನುಂಡಿಯ ಡಬ್ಬಿ ತೊಡೆಯ ಮೇಲಿತ್ತು. ನಾನೂ ಬರುತ್ತೇನೆ, ಪಟ್ನಾ ತನಕವಾದರೂ ಬಿಟ್ಟು ಬರುತ್ತೇನೆ ಎಂದೆ.

"ಓದೂದು ಬಿಟ್ಟು ಯಾಕ ಬರ್ತಿ? ಅಲ್ಲಿ ಅಂವ ಬಂದು ನಿಂತಿರ್ತಾನ" ಎಂದರು.

ಗಾಡಿ ಸಿಳ್ಳೆ ಹಾಕಿತು. ಅಪ್ಪ ಜೋಪಾನ ಎನ್ನುವಷ್ಟರಲ್ಲಿ, ಕಿಟಕಿಯ ಪಕ್ಕದ ಜಾಗ ತನ್ನದೆಂದು ಬಂದ ಹೊಟಗಿಯ ಒಬ್ಬ ಗೃಹಸ್ಥರ ಜೊತೆ ಅತ್ತಿ ಸಂತೆಯ ಉರ್ದುವಿನಲ್ಲಿ ವಾದಕ್ಕೆ ಇಳಿದಿದ್ದರು. ಗಾಡಿ ತಿರುವು ಹಾಯುವ ತನಕ ಅವರು ಆ ಕಿಟಕಿಯನ್ನು ಬಿಟ್ಟುಕೊಟ್ಟಿರಲಿಲ್ಲ.